ಹಾಲಿನ ಡೈರಿಯ ಎಂಟ್ರಿ ಸ್ಕ್ರೀನ್‌ನಲ್ಲಿ 23 ಟೂಲ್‌ಟಿಪ್: ಯಾವುದು ಉಳೀಬೇಕು, ಉಳಿದದ್ದನ್ನ ಹೇಗೆ ಕಟ್ಟೋದು?

ವಿಸಿ_ನಾಲೆ (ಮಂಡ್ಯ)

ಹಳ್ಳಿ ಹಾಲು ಉತ್ಪಾದಕರ ಸಂಘಗಳಿಗೆ ವೆಬ್ ಅಪ್ಲಿಕೇಶನ್ ಮಾಡ್ತಾ ಇದ್ದೀವಿ. ಬೆಳಿಗ್ಗೆ, ಸಂಜೆ ಹಾಲು ಅಳೆಸಿಕೊಳ್ಳುವ ಹೊತ್ತಿನ ಎಂಟ್ರಿ ಸ್ಕ್ರೀನ್ ಬಗ್ಗೆ ಈ ಪ್ರಶ್ನೆ. ಒಂದೊಂದು ಸಾಲಲ್ಲಿ ಸದಸ್ಯರ ನಂಬರ್, ಹೆಸರು, ಲೀಟರ್, ಫ್ಯಾಟ್, ಸಿಎಲ್‌ಆರ್ (ಹಾಲಿನ ಸಾಂದ್ರತೆ ಅಳೆಯೋ ಲ್ಯಾಕ್ಟೋಮೀಟರಿನ ಅಂಕ, ಊರಲ್ಲಿ ಎಲ್ಲರೂ ‘ಡಿಗ್ರಿ’ ಅಂತಲೇ ಅನ್ನೋದು), ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಸತ್ವ), ದರ, ಮೊತ್ತ. ಮೇಲ್ಗಡೆ ಆರು ಐಕಾನ್ ಬಟನ್, ಹೆಸರು ಬರೆದಿಲ್ಲ. ಕೆಲವು ಸಂಘದಲ್ಲಿ ಹಳೇ ಡೆಸ್ಕ್‌ಟಾಪ್, ಕೆಲವು ಕಡೆ 10 ಇಂಚಿನ ಆಂಡ್ರಾಯ್ಡ್ ಟ್ಯಾಬ್ಲೆಟ್.

ಸದ್ಯ ಆ ಒಂದೇ ಸ್ಕ್ರೀನ್‌ನಲ್ಲಿ 23 ಟೂಲ್‌ಟಿಪ್ (ಮೌಸ್ ಮೇಲೆ ತಂದಾಗ ಏಳೋ ಪುಟ್ಟ ವಿವರಣೆ ಡಬ್ಬಿ) ಇವೆ, ಎಲ್ಲವೂ ಎಚ್‌ಟಿಎಂಎಲ್‌ನ ಟೈಟಲ್ ಆಟ್ರಿಬ್ಯೂಟ್. ಟ್ಯಾಬ್ಲೆಟ್‌ನಲ್ಲಿ ಒಂದೂ ಕಾಣಲ್ಲ. ಡೆಸ್ಕ್‌ಟಾಪ್‌ನಲ್ಲಿ ಟ್ಯಾಬ್ ಕೀ ಒತ್ತಿಕೊಂಡು ಹೋಗೋರಿಗೂ ಕಾಣಲ್ಲ, ಜನ ಕ್ಯಾನ್ ಹಿಡ್ಕೊಂಡು ಸಾಲಾಗಿ ನಿಂತಿರುವಾಗ ಮೌಸ್ ಮುಟ್ಟೋರು ಯಾರೂ ಇಲ್ಲ.

ಸರಿ, ನಾವೇ ಒಂದು ಕಾಂಪೊನೆಂಟ್ ಬರೆಯೋಣ ಅಂತ ಶುರು ಮಾಡಿದ್ರೆ ಬೇರೆ ಕಾಟ:

- ಬಲತುದಿಯ ‘ಮೊತ್ತ’ ಕಾಲಂನ ಟಿಪ್ ಅರ್ಧ ಕತ್ತರಿಸಿ ಹೋಗುತ್ತೆ.
- ಎರಡು ಸಾಲಿನ ಕನ್ನಡ ಬರಹದಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತೆ, ಕೊನೇ ಸಾಲಿನದು ಕತ್ತರಿಸಿ ಹೋಗುತ್ತೆ.
- ‘ಉಳಿಸು’ ಬಟನ್ ಮಂಕಾಗಿದ್ದಾಗ ಯಾಕೆ ಅಂತ ಹೇಳೋ ಟಿಪ್ ಬರೋದೇ ಇಲ್ಲ.
- ಮೌಸ್ ಹಾದುಹೋದರೆ ಸಾಕು, ಕಪ್ಪು ಡಬ್ಬಿಗಳು ಪಟಪಟ ಅಂತ ಎದ್ದು ಮುಂದಿನ ಸಾಲನ್ನ ಮುಚ್ತವೆ.

ಎಷ್ಟು ಮಿಲಿಸೆಕೆಂಡ್ ತಡ ಇಡಬೇಕು, ಎಷ್ಟು ಅಗಲ, ಎಷ್ಟು ಪದ, ಟ್ಯಾಬ್ಲೆಟ್‌ಗೆ ಏನು ದಾರಿ? ಲೆಕ್ಕ ಸಮೇತ ಹೇಳಿದ್ರೆ ಉಪಕಾರ.

---

ಟ್ಯಾಬ್_ಕೀ (ಮೈಸೂರು)

ಕಾಂಪೊನೆಂಟ್‌ಗೆ ಕೈ ಹಾಕೋ ಮುಂಚೆ ಆ 23ನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಒಂದೊಂದರ ಮುಂದೆಯೂ ಒಂದೇ ಪ್ರಶ್ನೆ: ಇದನ್ನ ಓದದೇ ಟೆಸ್ಟರ್ (ಹಾಲು ಪರೀಕ್ಷಿಸಿ ಎಂಟ್ರಿ ಮಾಡೋರು) ಆ ಸಾಲನ್ನ ತಪ್ಪಿಲ್ಲದೆ ಮುಗಿಸ್ತಾರಾ? ಇಲ್ಲ ಅಂದ್ರೆ ಅದನ್ನ ಟೂಲ್‌ಟಿಪ್‌ನಲ್ಲಿ ಬಚ್ಚಿಡೋ ಹಾಗಿಲ್ಲ, ಸ್ಕ್ರೀನ್ ಮೇಲೆ ಸದಾ ಕಾಣೋ ಹಾಗೆ ಬರೀಬೇಕು. ನೀವು ಹೇಳಿದ ಅರ್ಧ ತೊಂದರೆ ಇಲ್ಲೇ ಕಳೆಯುತ್ತೆ.

ನಿಮ್ಮ ಸ್ಕ್ರೀನ್‌ನೇ ತಗೊಳ್ಳಿ. ‘ಡಿಗ್ರಿ’ ಕಾಲಂನಲ್ಲಿ ಆಗುವ ಮಾಮೂಲಿ ತಪ್ಪು ಅಂದ್ರೆ 28 ಹೊಡೆಯೋ ಕಡೆ 1.028 ಹೊಡೆಯೋದು. ಲ್ಯಾಕ್ಟೋಮೀಟರಿನ 28 ಅಂದ್ರೆ ಹಾಲಿನ ಸಾಪೇಕ್ಷ ಸಾಂದ್ರತೆ 1.028, ಹಾಗಾಗಿ ಎರಡೂ ಗೊತ್ತಿದ್ದೋರೇ ಗೊಂದಲ ಮಾಡಿಕೊಳ್ಳೋದು. ಇದನ್ನ ತಡೆಯೋ ಮಾತು ಟೂಲ್‌ಟಿಪ್‌ನಲ್ಲಿದ್ದರೆ ತಪ್ಪಾದ ಮೇಲೇ ಓದ್ತಾರೆ. ಕಾಲಂ ತಲೆಬರಹದ ಕೆಳಗೆ ಸಣ್ಣಕ್ಷರದಲ್ಲಿ ‘ಉದಾ: 28’ ಅಂತ ಸದಾ ಇರಲಿ. ಫ್ಯಾಟ್ ಕೆಳಗೆ ‘ಉದಾ: 4.1’. ಪ್ರತಿ ಸಾಲಲ್ಲೂ ಬೇಡ, ತಲೆಬರಹದಲ್ಲಿ ಒಂದು ಸಲ ಸಾಕು, ಆದರೆ ಸ್ಕ್ರೋಲ್ ಮಾಡಿದಾಗ ತಲೆಬರಹ ಮೇಲೇ ಅಂಟಿಕೊಂಡಿರಬೇಕು.

ಆರು ಐಕಾನ್‌ಗೆ ಪಕ್ಕದಲ್ಲೇ ಹೆಸರು ಬರೀರಿ. ಬಟನ್ನಿಗೆ 110 ಪಿಕ್ಸೆಲ್ ಅಂದುಕೊಂಡ್ರೂ ಆರಕ್ಕೆ 660, ಅಡ್ಡ ಹಿಡಿದ ಟ್ಯಾಬ್ಲೆಟ್‌ನಲ್ಲಿ ಧಾರಾಳವಾಗಿ ಹಿಡಿಯುತ್ತೆ. ಜಾಗ ಇಲ್ಲ ಅನ್ನೋ ನೆಪ ಬಹಳ ಸಲ ಸುಳ್ಳು. ಕಸದ ಬುಟ್ಟಿ ಐಕಾನ್ ಒಂದು ಸಾಲನ್ನ ಅಳಿಸುತ್ತಾ, ಇಡೀ ಬೆಳಗಿನ ಪಾಳಿಯನ್ನ ಅಳಿಸುತ್ತಾ ಅಂತ ತಿಳ್ಕೊಳ್ಳೋಕೆ ಮೌಸ್ ಹಿಡಿದು ಕಾಯುವ ಪರಿಸ್ಥಿತಿ ಬರಬಾರದು. ‘ಈ ಸಾಲು ಅಳಿಸು’ ಅಂತ ಬರೆದುಬಿಡಿ, ಮುಗೀತು.

ಮಂಕಾದ ‘ಉಳಿಸು’: ಡಿಸೇಬಲ್ಡ್ ಬಟನ್‌ಗೆ ಫೋಕಸ್ (ಕೀಬೋರ್ಡ್ ಈಗ ಯಾವುದರ ಮೇಲಿದೆ ಅನ್ನೋ ಗುರುತು) ಬರಲ್ಲ, ಮೌಸ್ ಇವೆಂಟ್‌ಗಳನ್ನ ಬ್ರೌಸರ್ ಅದಕ್ಕೆ ಸರಿಯಾಗಿ ಕಳಿಸಲ್ಲ. ನಿಮ್ಮ ಟಿಪ್ ಬರದೇ ಇರೋದು ಅದಕ್ಕೇ. ಬಟನ್ ಸುತ್ತ ಒಂದು ಸ್ಪ್ಯಾನ್ ಕಟ್ಟಿ ಮೌಸ್‌ಗೆ ಕೆಲಸ ಮಾಡಿಸಬಹುದು, ಕೀಬೋರ್ಡ್‌ಗೆ ಆಗಲೂ ಇಲ್ಲ. ಎರಡು ನೇರ ದಾರಿ ಇವೆ. ಒಂದು, ಏರಿಯಾ-ಡಿಸೇಬಲ್ಡ್ (aria-disabled) ಅಂತ ಆಟ್ರಿಬ್ಯೂಟ್ ಕೊಟ್ಟು ಬಟನ್ನನ್ನ ಫೋಕಸ್‌ಗೆ ಸಿಗೋ ಹಾಗೆ ಬಿಡಿ. ಆಗ ಒತ್ತಿದರೆ ಉಳಿಯದ ಹಾಗೆ ತಡೆಯೋ ಕೆಲಸ ನಿಮ್ಮ ಕೋಡಿನದು, ಎಂಟರ್ ಒತ್ತಿ ಫಾರಂ ಹೋಗೋದನ್ನೂ ಸೇರಿಸಿ. ಎರಡು, ಮಂಕು ಮಾಡಲೇಬೇಡಿ. ಒತ್ತಲಿ, ಒತ್ತಿದಾಗ ‘14ನೇ ಸಾಲು: ಡಿಗ್ರಿ ಖಾಲಿ ಇದೆ’ ಅಂತ ಹೇಳಿ ಕರ್ಸರನ್ನ ಆ ಖಾನೆಗೇ ತಗೊಂಡು ಹೋಗಿ. ನನ್ನ ಮತ ಎರಡನೆಯದಕ್ಕೆ. ಹಾಲು ಹಾಕೋರು ಕಾಯ್ತಾ ಇರುವಾಗ ಬಟನ್ ಯಾಕೆ ಮಂಕಾಗಿದೆ ಅನ್ನೋ ಒಗಟು ಬಿಡಿಸೋಕೆ ಯಾರಿಗೂ ಪುರುಸೊತ್ತಿಲ್ಲ.

ಇಷ್ಟು ಆದಮೇಲೆ ಟೂಲ್‌ಟಿಪ್‌ಗೆ ಉಳಿಯೋದು: ಕೀಬೋರ್ಡ್ ಶಾರ್ಟ್‌ಕಟ್ (‘ಕಂಟ್ರೋಲ್ + ಎಸ್’), ಕಾಲಂನಲ್ಲಿ ಹಿಡಿಯದ ಉದ್ದ ಹೆಸರು, ಸರ್ವರ್‌ಗೆ ಕೊನೇ ಸಲ ಡೇಟಾ ಹೋದ ಸಮಯ, ದರದ ಚಾರ್ಟ್ ಯಾವ ತಾರೀಖಿನಿಂದ ಜಾರಿ ಅನ್ನೋದು. ಓದಿದ್ರೆ ಅನುಕೂಲ, ಓದದಿದ್ರೂ ಕೆಲಸ ನಿಲ್ಲಲ್ಲ.

ಕಟ್ಟುವಾಗ ಗಮನಿಸಬೇಕಾದ ನಿಯಮ ಡಬ್ಲ್ಯೂಸಿಎಜಿ (ಅಂಗವಿಕಲರೂ ಬಳಸೋ ಹಾಗೆ ವೆಬ್ ಕಟ್ಟೋಕೆ ಇರುವ ಮಾರ್ಗಸೂಚಿ) 2.1ರ (2018) 1.4.13. ಎಎ ಮಟ್ಟದ್ದು. ಮೂರು ಷರತ್ತು. ಮೌಸ್ ಅಥವಾ ಫೋಕಸ್ ಸರಿಸದೆಯೇ ಟಿಪ್ ಮುಚ್ಚೋಕೆ ಆಗಬೇಕು, ಅಂದ್ರೆ ಎಸ್ಕೇಪ್ ಕೀ. ಮೌಸನ್ನ ಟಿಪ್‌ನ ಮೇಲೇ ತಂದ್ರೂ ಅದು ಮಾಯ ಆಗಬಾರದು. ಬಳಸೋರು ಸರಿಯೋವರೆಗೆ ತಾನಾಗಿ ಹೋಗಬಾರದು, 3 ಸೆಕೆಂಡಿಗೆ ಮುಚ್ಚೋ ಟೈಮರ್ ಇದ್ರೆ ತೆಗೀರಿ. ಎರಡನೇ ಷರತ್ತು ಯಾಕೆ ಅಂದ್ರೆ, ಸ್ಕ್ರೀನನ್ನ ನಾಲ್ಕು ಪಟ್ಟು ದೊಡ್ಡದು ಮಾಡಿ ನೋಡೋರಿಗೆ ಟಿಪ್‌ನ ಒಂದು ಮೂಲೆ ಮಾತ್ರ ಕಾಣುತ್ತೆ, ಉಳಿದದ್ದು ಓದೋಕೆ ಮೌಸನ್ನ ಅದರ ಮೇಲೇ ಎಳೀಬೇಕು. ಟಿಪ್‌ಗೆ ಪಾಯಿಂಟರ್-ಇವೆಂಟ್ಸ್ ನನ್ (none) ಅಂತ ಸಿಎಸ್‌ಎಸ್ ಬರೆಯೋದು ಬಹಳ ಜನರ ಅಭ್ಯಾಸ, ಅದು ಈ ಷರತ್ತನ್ನ ನೇರವಾಗಿ ಮುರಿಯುತ್ತೆ.

ಸ್ಕ್ರೀನ್ ರೀಡರ್‌ಗೆ (ಕಣ್ಣು ಕಾಣದೋರಿಗೆ ಸ್ಕ್ರೀನ್ ಓದಿ ಹೇಳೋ ತಂತ್ರಾಂಶ): ಟಿಪ್‌ನ ಡಬ್ಬಿಗೆ ಟೂಲ್‌ಟಿಪ್ ಅನ್ನೋ ರೋಲ್ ಮತ್ತು ಒಂದು ಐಡಿ, ಬಟನ್‌ಗೆ ಏರಿಯಾ-ಡಿಸ್ಕ್ರೈಬ್ಡ್‌ಬೈ ಮೂಲಕ ಆ ಐಡಿ. ಆದರೆ ಬರೀ ಐಕಾನ್ ಇದ್ದು ಟಿಪ್‌ನಲ್ಲಿ ಇರೋದೇ ಅದರ ಹೆಸರಾದ್ರೆ ಡಿಸ್ಕ್ರೈಬ್ಡ್‌ಬೈ ತಪ್ಪು, ಲೇಬಲ್ಡ್‌ಬೈ ಕೊಡಬೇಕು. ಇಲ್ಲದಿದ್ರೆ ಬಟನ್‌ಗೆ ಹೆಸರೇ ಇಲ್ಲದ ಹಾಗಾಗುತ್ತೆ. ಟಿಪ್ ಒಳಗೆ ಲಿಂಕ್, ಬಟನ್ ಇಡಬೇಡಿ. ವಿವರಣೆಯನ್ನ ಬರೀ ಪಠ್ಯವಾಗಿ ಓದುತ್ತೆ, ಒಳಗಿನ ಲಿಂಕಿಗೆ ಹೋಗೋ ದಾರಿನೇ ಇರಲ್ಲ.

---

ಪಿಕ್ಸೆಲ್_ಗೌಡ (ಮದ್ದೂರು)

ಇಷ್ಟೆಲ್ಲಾ ರಾಮಾಯಣ ಯಾಕೆ ಗುರು, 23ನ್ನೂ ಕಿತ್ತು ಬಿಸಾಕಿ. ಟ್ಯಾಬ್ಲೆಟ್‌ನಲ್ಲಿ ಕಾಣದೇನೇ ಸಂಘಗಳು ನಡೀತಿವೆ ಅಂದ್ಮೇಲೆ ಅವು ಬೇಕಿರಲಿಲ್ಲ ಅಂತಲೇ ಅರ್ಥ.

---

ಟ್ಯಾಬ್_ಕೀ

ಹತ್ತಿರ ಹತ್ತಿರ ಒಪ್ತೀನಿ. ಆದರೆ ‘ಚಿಕ್ಕಲಕ್ಷ್ಮಮ್ಮ ಕೋಂ ದೊಡ್ಡ…’ ಅಂತ ಕತ್ತರಿಸಿದ ಹೆಸರು ಒಂದೇ ಪಟ್ಟಿಯಲ್ಲಿ ಇಬ್ಬರದು ಇದ್ದು, ಹಾಲಿನ ಲೆಕ್ಕ ಯಾರ ಖಾತೆಗೆ ಹೋಯ್ತು ಅಂತ ತಿಳೀಬೇಕಾದ್ರೆ ಟಿಪ್ ಕೆಲಸಕ್ಕೆ ಬರುತ್ತೆ. ಟ್ಯಾಬ್ಲೆಟ್‌ನಲ್ಲಿ ‘ಕಾಣದೇ ನಡೀತಿದೆ’ ಅನ್ನೋದೂ ಪೂರ್ತಿ ನಿಜ ಅಲ್ಲ, ಪಕ್ಕದೋರನ್ನ ಕೇಳ್ಕೊಂಡು ನಡೀತಿರುತ್ತೆ.

---

ಕುಕ್ಕರಹಳ್ಳಿ_ಕೆರೆ (ಮೈಸೂರು)

ಯಾವುದು ಉಳೀಬೇಕು ಅನ್ನೋದಕ್ಕೆ ಮೇಲಿನವರು ಹೇಳಿದ್ದು ಸಾಕು. ಉಳಿದ ನಾಲ್ಕೈದನ್ನ ಕಟ್ಟೋ ರೀತಿ ನೋಡಿ.

ತಡ. ಮೌಸ್ ನಿಂತ ಮೇಲೆ 400ರಿಂದ 500 ಮಿಲಿಸೆಕೆಂಡ್ ಕಾದು ತೋರಿಸಿ. ನಿಮ್ಮದು ಸೊನ್ನೆ ಇದ್ದಂಗಿದೆ, ಅದಕ್ಕೇ ಪಟಪಟ ಏಳ್ತಿವೆ. ಮುಚ್ಚುವಾಗ 150ರಿಂದ 200 ಮಿಲಿಸೆಕೆಂಡ್ ತಡ ಬೇಕು, ಬಟನ್‌ಗೂ ಟಿಪ್‌ಗೂ ನಡುವಿನ ಸಂದು ದಾಟುವಷ್ಟು ಸಮಯ ಅದು. ಕೀಬೋರ್ಡ್ ಫೋಕಸ್‌ನಲ್ಲಿ ಬಂದವರಿಗೆ ತಡ ಬೇಡ, ಅಲ್ಲಿಗೆ ಬೇಕೂಂತಲೇ ಬಂದಿರ್ತಾರೆ. ಇನ್ನೊಂದು ಸೂಕ್ಷ್ಮ: ಟೂಲ್‌ಬಾರ್‌ನಲ್ಲಿ ಒಂದು ಟಿಪ್ ಆಗಲೇ ತೆರೆದಿದ್ದು, ಪಕ್ಕದ ಬಟನ್‌ಗೆ 300 ಮಿಲಿಸೆಕೆಂಡ್ ಒಳಗೆ ಮೌಸ್ ಹೋದ್ರೆ ಅದನ್ನ ತಕ್ಷಣ ತೋರಿಸಿ. ಪ್ರತಿ ಬಟನ್‌ಗೂ ಮತ್ತೆ ಅರ್ಧ ಸೆಕೆಂಡ್ ಕಾಯಿಸಿದ್ರೆ ಸಿಟ್ಟು ಬರುತ್ತೆ. ಹೊತ್ತಿಗೆ ಒಂದೇ ಟಿಪ್ ತೆರೆದಿರಬೇಕು.

ಕತ್ತರಿಸಿಹೋಗೋದು. ಟಿಪ್ ಈಗ ಟೇಬಲ್ ಒಳಗೇ ಹುಟ್ತಿದೆ, ಟೇಬಲ್ ಸುತ್ತಿನ ಡಬ್ಬಿಗೆ ಓವರ್‌ಫ್ಲೋ ಹಿಡನ್ ಅಥವಾ ಆಟೋ ಇರುತ್ತೆ. ಝಡ್-ಇಂಡೆಕ್ಸ್ ಅನ್ನ 9999 ಮಾಡಿದ್ರೂ ಉಪಯೋಗ ಇಲ್ಲ. ಅದು ಮೇಲೆ-ಕೆಳಗಿನ ಸರದಿ ಅಷ್ಟೇ, ಕತ್ತರಿಯನ್ನ ತಡೆಯಲ್ಲ. ಪೊಸಿಶನ್ ಫಿಕ್ಸೆಡ್ ಮಾಡಿದ್ರೂ, ಮೇಲಿನ ಯಾವುದೋ ಡಬ್ಬಿಗೆ ಟ್ರಾನ್ಸ್‌ಫಾರ್ಮ್ ಕೊಟ್ಟಿದ್ರೆ ಫಿಕ್ಸೆಡ್ ಅನ್ನೋದು ಆ ಡಬ್ಬಿಯ ಲೆಕ್ಕಕ್ಕೇ ಬರುತ್ತೆ. ಟಿಪ್ಪನ್ನ ಬಾಡಿ ಟ್ಯಾಗ್‌ನ ಕೊನೆಗೆ ತಂದು ಹಾಕೋದು ಒಂದು ದಾರಿ. ಪಾಪ್‌ಓವರ್ ಆಟ್ರಿಬ್ಯೂಟ್ ಬಳಸೋದು ಇನ್ನೊಂದು, ಬ್ರೌಸರ್‌ನ ಟಾಪ್ ಲೇಯರ್‌ಗೆ ಹೋಗೋದರಿಂದ ಕತ್ತರಿ, ಝಡ್-ಇಂಡೆಕ್ಸ್ ಎರಡೂ ತಲೆನೋವು ಇರಲ್ಲ. ಹಳೇ ಡೆಸ್ಕ್‌ಟಾಪ್‌ಗಳಲ್ಲಿ ಬ್ರೌಸರ್ ಅಪ್‌ಡೇಟ್ ಆಗಿರಲ್ಲ, ಅದನ್ನ ನೋಡ್ಕೊಂಡು ಆರಿಸಿ. ಹಳೇದಿದ್ರೆ ಮೊದಲ ದಾರಿಯೇ ಕ್ಷೇಮ.

ಜಾಗ. ಬಟನ್‌ನ ಮೇಲ್ಗಡೆ, 8 ಪಿಕ್ಸೆಲ್ ಸಂದು ಬಿಟ್ಟು. ಎಂಟ್ರಿ ಟೇಬಲ್‌ನಲ್ಲಿ ಕೆಳಗೆ ಇಟ್ರೆ ಮುಂದೆ ಹೊಡೆಯಬೇಕಾದ ಸಾಲೇ ಮುಚ್ಚಿಹೋಗುತ್ತೆ, ಮೇಲಿಟ್ರೆ ಆಗಲೇ ಮುಗಿದ ಸಾಲು ಮುಚ್ಚುತ್ತೆ, ಅಡ್ಡಿ ಇಲ್ಲ. ಮೇಲೆ ಜಾಗ ಇಲ್ಲದಿದ್ರೆ ಮಗುಚಿ ಕೆಳಗೆ. ಬಲ, ಎಡ ಅಂಚಿನಿಂದ 8 ಪಿಕ್ಸೆಲ್ ಒಳಗೇ ಉಳಿಯೋ ಹಾಗೆ ಅಡ್ಡಕ್ಕೆ ಜಾರಿಸಿ, ಆದರೆ ಮೊನೆ ಮಾತ್ರ ಬಟನ್‌ನ ನಡುವನ್ನೇ ತೋರಿಸ್ತಿರಲಿ. ಈ ಲೆಕ್ಕವನ್ನ ಕೈಯಾರೆ ಬರೆಯೋಕೆ ಹೋಗ್ಬೇಡಿ, ಫ್ಲೋಟಿಂಗ್ ಯುಐ ಲೈಬ್ರರಿಯಲ್ಲಿ ಆಫ್‌ಸೆಟ್, ಫ್ಲಿಪ್, ಶಿಫ್ಟ್ ಅಂತ ಮೂರೂ ಇವೆ. ಕ್ರಮ ಆಫ್‌ಸೆಟ್ ಮೊದಲು ಇರಲಿ, ಇಲ್ಲದಿದ್ರೆ ಮಗುಚಬೇಕಾ ಬೇಡವಾ ಅನ್ನೋ ಲೆಕ್ಕದಲ್ಲಿ ಆ 8 ಪಿಕ್ಸೆಲ್ ಸೇರಲ್ಲ.

ಸಂದು. 8 ಪಿಕ್ಸೆಲ್ ಖಾಲಿ ಜಾಗದಲ್ಲಿ ಮೌಸ್ ಇದ್ದಾಗ ಅದು ಬಟನ್ ಮೇಲೂ ಇಲ್ಲ, ಟಿಪ್ ಮೇಲೂ ಇಲ್ಲ. ಮುಚ್ಚೋ ತಡ ಇದನ್ನ ಹೆಚ್ಚುಕಮ್ಮಿ ನೋಡ್ಕೊಳ್ಳುತ್ತೆ. ಕೈ ನಿಧಾನ ಇರೋರಿಗೆ ಸಾಲದು. ಟಿಪ್‌ಗೆ ಒಂದು ಆಫ್ಟರ್ ಸ್ಯೂಡೋ-ಎಲಿಮೆಂಟ್ ಹಾಕಿ, 8 ಪಿಕ್ಸೆಲ್ ಎತ್ತರದ ಕಾಣದ ಪಟ್ಟಿ, ಸೇತುವೆ ಥರ.

ಅಂಟಿಕೊಂಡು ನಿಲ್ಲೋದು. ‘ಮುದ್ರಿಸು’ ಒತ್ತಿ ಮೌಸ್ ಸರಿಸಿದ್ರೂ ಟಿಪ್ ಹೋಗಲ್ಲ, ಯಾಕಂದ್ರೆ ಒತ್ತಿದ ಬಟನ್‌ನಲ್ಲೇ ಫೋಕಸ್ ಉಳಿದಿರುತ್ತೆ. ಫೋಕಸ್ ಬದಲು ಫೋಕಸ್-ವಿಸಿಬಲ್ ನೋಡಿ, ಒತ್ತಿದ ತಕ್ಷಣ ಟಿಪ್ ಮುಚ್ಚಿ. ಸ್ಕ್ರೋಲ್ ಆದಾಗಲೂ ಮುಚ್ಚಿಬಿಡಿ. ಎಸ್ಕೇಪ್ ವಿಷಯದಲ್ಲಿ ಒಂದು ಗುಂಡಿ ಇದೆ: ಡೈಲಾಗ್ ಒಳಗೆ ಟಿಪ್ ತೆರೆದಿದ್ದಾಗ ಎಸ್ಕೇಪ್ ಒತ್ತಿದ್ರೆ ಟಿಪ್ ಜೊತೆ ಡೈಲಾಗೂ ಮುಚ್ಚಿ, ಅರ್ಧ ತುಂಬಿದ್ದೆಲ್ಲ ಹೋಗುತ್ತೆ. ಮೊದಲ ಎಸ್ಕೇಪ್ ಟಿಪ್‌ಗೆ ಮಾತ್ರ ಸಲ್ಲಬೇಕು, ಮುಂದಕ್ಕೆ ಹೋಗದ ಹಾಗೆ ತಡೀರಿ.

ಟ್ಯಾಬ್ಲೆಟ್. ಹೋವರ್ (ಒತ್ತದೆ ಬರೀ ಮೌಸ್ ಮೇಲೆ ತಂದು ನಿಲ್ಲಿಸೋದು) ಅನ್ನೋದು ಅಲ್ಲಿ ಇಲ್ಲವೇ ಇಲ್ಲ, ಬ್ರೌಸರ್ ಒತ್ತಿದ್ದನ್ನೇ ಹೋವರ್ ಅಂತ ನಟಿಸುತ್ತೆ. ಐಪ್ಯಾಡ್‌ನಲ್ಲಂತೂ ಹೋವರ್‌ಗೆ ಏನಾದ್ರೂ ಹೊಸದು ಕಾಣಿಸಿಕೊಂಡ್ರೆ ಮೊದಲ ಒತ್ತು ಅದಕ್ಕೇ ಖರ್ಚಾಗಿ, ಬಟನ್ ಕೆಲಸ ಮಾಡೋಕೆ ಎರಡನೇ ಸಲ ಒತ್ತಬೇಕಾಗಬಹುದು. ಪಾಯಿಂಟರ್ ಇವೆಂಟ್‌ನಲ್ಲಿ ಪಾಯಿಂಟರ್‌ಟೈಪ್ ನೋಡಿ, ಅದು ಟಚ್ ಆಗಿದ್ರೆ ಹೋವರ್ ಟಿಪ್ ತೆರೀಲೇಬೇಡಿ. ಆಂಡ್ರಾಯ್ಡ್ ಆ್ಯಪ್‌ಗಳಲ್ಲಿ ಒತ್ತಿ ಹಿಡಿದ್ರೆ ಟಿಪ್ ಬರೋ ಸೌಲಭ್ಯ 8.0 ಆವೃತ್ತಿಯಿಂದ ಇದೆ, ವೆಬ್‌ನಲ್ಲೂ ಹಾಗೆ ಮಾಡಬಹುದು. ಆದರೆ ಒತ್ತಿ ಹಿಡಿಯಬೇಕು ಅಂತ ಯಾರೂ ಊಹಿಸಲ್ಲ. ಹಾಲಿನ ಒದ್ದೆ ಕೈಯಲ್ಲಿ ಒತ್ತಿ ಹಿಡಿಯೋದನ್ನೂ ನೆಚ್ಚೋ ಹಾಗಿಲ್ಲ.

---

ವಿಸಿ_ನಾಲೆ

ಡಿಸೇಬಲ್ ವಿಷಯ, ಓವರ್‌ಫ್ಲೋ ವಿಷಯ ಎರಡೂ ಈಗ ಅರ್ಥ ಆಯ್ತು. ಒಂದು ಗಂಟು ಉಳಿದಿದೆ. ‘ಮೊತ್ತ’ದ ಟಿಪ್‌ನಲ್ಲಿ ನಾವು ಲೆಕ್ಕ ಬಿಡಿಸಿ ಬರೆದಿದ್ದೀವಿ: ಎಸ್‌ಎನ್‌ಎಫ್ ಹೇಗೆ ಬಂತು, ದರ ಯಾವ ಚಾರ್ಟಿನದು ಅಂತ. ‘ಯಾಕಪ್ಪ ಇವತ್ತು ಕಮ್ಮಿ?’ ಅಂತ ರೈತರು ಕೇಳಿದಾಗ ಸೆಕ್ರೆಟರಿ ಅದನ್ನ ನೋಡಿ ಹೇಳಬೇಕು. ಇದು ಕೆಲಸಕ್ಕೆ ಅಗತ್ಯ ಅಲ್ಲ, ಆದರೆ ಐದು ಸಾಲಿದೆ, ಟ್ಯಾಬ್ಲೆಟ್‌ನಲ್ಲೂ ಬೇಕೇ ಬೇಕು. ಎಲ್ಲಿ ಇಡೋದು?

---

ಟ್ಯಾಬ್_ಕೀ

ಅದಕ್ಕೆ ಟಾಗಲ್‌ಟಿಪ್. ಹೋವರ್ ಅಲ್ಲ, ಒತ್ತಿದ್ರೆ ತೆರೆಯೋದು, ಮತ್ತೆ ಒತ್ತಿದ್ರೆ, ಹೊರಗೆ ಒತ್ತಿದ್ರೆ ಅಥವಾ ಎಸ್ಕೇಪ್‌ಗೆ ಮುಚ್ಚೋದು. ಮೌಸ್, ಕೀಬೋರ್ಡ್, ಬೆರಳು ಮೂರಕ್ಕೂ ಒಂದೇ ನಡವಳಿಕೆ, ಕಲಿಸೋದೂ ಸುಲಭ. ಮೊತ್ತದ ಪಕ್ಕ ಒಂದು ನಿಜವಾದ ಬಟನ್ ಇಡಿ. ಡಬ್ಲ್ಯೂಸಿಎಜಿ 2.2 (2023) ಕೇಳೋದು ಕನಿಷ್ಠ 24×24 ಪಿಕ್ಸೆಲ್, ಒದ್ದೆ ಬೆರಳಿಗೆ ನಾನು 44 ಕೊಡ್ತೀನಿ. ವೃತ್ತದೊಳಗಿನ ಇಂಗ್ಲಿಷ್ ‘ಐ’ ಗುರುತು ಎಲ್ಲರಿಗೂ ಗೊತ್ತು ಅಂತ ಅಂದುಕೊಳ್ಳಬೇಡಿ, ‘ಲೆಕ್ಕ’ ಅನ್ನೋ ಎರಡಕ್ಷರವೇ ಬಟನ್ ಆಗಲಿ.

ಸ್ಕ್ರೀನ್ ರೀಡರ್‌ಗೆ ಇಲ್ಲಿ ಡಿಸ್ಕ್ರೈಬ್ಡ್‌ಬೈ ಬೇಡ, ಸಾಲು ಸಾಲಿಗೂ ಐದು ಸಾಲಿನ ಲೆಕ್ಕ ಓದಿ ತಲೆ ತಿನ್ನುತ್ತೆ. ಸ್ಟೇಟಸ್ ರೋಲ್ ಇರುವ ಖಾಲಿ ಡಬ್ಬಿ ಪುಟದಲ್ಲಿ ಮೊದಲೇ ಇರಲಿ, ಬಟನ್ ಒತ್ತಿದಾಗ ಅದರೊಳಗೆ ಬರಹ ತುಂಬಿ, ಆಗಷ್ಟೇ ಓದುತ್ತೆ. ಡಬ್ಬಿಯನ್ನೂ ಬರಹವನ್ನೂ ಒಟ್ಟಿಗೇ ಸೃಷ್ಟಿಸಿದ್ರೆ ಕೆಲವು ರೀಡರ್‌ಗಳು ಸುಮ್ಮನಿರ್ತವೆ.

ಒಳಗೆ ಏನಿರಬೇಕು ಅಂದ್ರೆ, ಉದಾಹರಣೆಗೆ ಡಿಗ್ರಿ 28, ಫ್ಯಾಟ್ 4.1 ಇದ್ದಾಗ:

ಎಸ್‌ಎನ್‌ಎಫ್: 28 ÷ 4 + 0.21 × 4.1 + 0.36 = 8.22
ದರ: ಈ ಫ್ಯಾಟ್, ಈ ಎಸ್‌ಎನ್‌ಎಫ್‌ಗೆ ಚಾರ್ಟಿನಲ್ಲಿರುವ ದರ, ಚಾರ್ಟ್ ಜಾರಿಯಾದ ತಾರೀಖು
ಮೊತ್ತ: ಲೀಟರ್ × ದರ
ಸರ್ಕಾರದ ಪ್ರೋತ್ಸಾಹಧನ ಇದರಲ್ಲಿ ಸೇರಿಲ್ಲ, ನೇರ ಬ್ಯಾಂಕ್ ಖಾತೆಗೆ ಬರುತ್ತೆ

ಆ 0.36 ಅನ್ನೋ ಸಂಖ್ಯೆಯನ್ನ ಕೋಡ್‌ನಲ್ಲಿ ಕೆತ್ತಿಬಿಡಬೇಡಿ. ಕೊನೇ ಸಂಖ್ಯೆ ಎಲ್ಲ ಕಡೆ ಒಂದೇ ಇಲ್ಲ, ಸಂಘ ಬಳಸೋ ಸೂತ್ರವನ್ನ ಸೆಟ್ಟಿಂಗ್‌ನಿಂದ ತಗೊಂಡು ಅದನ್ನೇ ಟಿಪ್‌ನಲ್ಲೂ ತೋರಿಸಿ. ಲೆಕ್ಕ ಒಂದು, ವಿವರಣೆ ಇನ್ನೊಂದು ಆದ್ರೆ ಜಗಳಕ್ಕೆ ನೀವೇ ಕಾರಣ ಆಗ್ತೀರಿ. ಅನಲೈಸರ್ ಮಷಿನ್ ನೇರವಾಗಿ ಎಸ್‌ಎನ್‌ಎಫ್ ಕೊಡೋ ಕಡೆ ಮೊದಲ ಸಾಲು ‘ಮಷಿನ್ ಓದಿದ್ದು: 8.22’ ಅಂತ ಬದಲಾಗಬೇಕು, ಸೂತ್ರ ತೋರಿಸಬಾರದು.

---

ಒತ್ತಕ್ಷರ (ಮೈಸೂರು)

ಕನ್ನಡ ಬರಹದ ವಿಷಯ ಯಾರೂ ಮುಟ್ಟಿಲ್ಲ, ನಾನು ಹೇಳ್ತೀನಿ. ಬಹುಪಾಲು ಟೂಲ್‌ಟಿಪ್ ಕಾಂಪೊನೆಂಟ್‌ಗಳ ಅಳತೆ ಇಂಗ್ಲಿಷ್‌ಗೆ ಹೊಲಿದ ಅಂಗಿ. 12 ಪಿಕ್ಸೆಲ್ ಅಕ್ಷರ, 1.2 ಲೈನ್-ಹೈಟ್, ಒಂದೇ ಸಾಲು. ಅದಕ್ಕೆ ‘ಲಕ್ಷ್ಮಮ್ಮ’ ಹಾಕಿ ನೋಡಿ. ‘ಕ್ಷ್ಮ’ದಲ್ಲಿ ಷ ಒಂದು ಹಂತ ಕೆಳಗೆ, ಮ ಅದರ ಪಕ್ಕಕ್ಕೋ ಅದಕ್ಕೂ ಕೆಳಕ್ಕೋ. ಎರಡು ಸಾಲಿದ್ರೆ ಕೆಳಗಿನ ಸಾಲಿನ ‘ಕಿ’, ‘ಗೀ’ಗಳ ಗುಡಿಸಿಗೆ ಹೋಗಿ ಡಿಕ್ಕಿ. ಡಬ್ಬಿಗೆ ಎತ್ತರ ಗೊತ್ತುಮಾಡಿ ಓವರ್‌ಫ್ಲೋ ಹಿಡನ್ ಕೊಟ್ಟಿದ್ರೆ ಕೊನೇ ಸಾಲಿನ ಒತ್ತು ಕತ್ತರಿಸಿ ಹೋಗುತ್ತೆ. ನಿಮಗೆ ಆಗಿರೋದು ಇವೆರಡೇ.

ನಾನು ಇಡೋ ಅಳತೆ: ಅಕ್ಷರ ಕನಿಷ್ಠ 14 ಪಿಕ್ಸೆಲ್, ಟ್ಯಾಬ್ಲೆಟ್‌ನಲ್ಲಿ 16. ಲೈನ್-ಹೈಟ್ 1.6. ಮೇಲೆ-ಕೆಳಗೆ 8, ಅಕ್ಕಪಕ್ಕ 12 ಪಿಕ್ಸೆಲ್ ಪ್ಯಾಡಿಂಗ್. ಎತ್ತರ ಎಂದೂ ಗೊತ್ತು ಮಾಡಬೇಡಿ, ಬರಹದ ಪ್ರಕಾರ ಬೆಳೀಲಿ. ಗರಿಷ್ಠ ಅಗಲವನ್ನ ‘ಸಿಎಚ್’ ಮಾನದಲ್ಲಿ ಬರೀಬೇಡಿ, ಅದು ಸೊನ್ನೆ ಅಂಕಿಯ ಅಗಲ ಹಿಡಿದು ಅಳೆಯೋದು, ಕನ್ನಡದ ‘ಯೋ’, ‘ಮೊ’ ಅದಕ್ಕಿಂತ ಎಷ್ಟೋ ಅಗಲ. ಎಮ್ ಮಾನದಲ್ಲಿ 18ರಿಂದ 20 ಕೊಡಿ. ಫಾಂಟ್ ನೋಟೋ ಸಾನ್ಸ್ ಕನ್ನಡವನ್ನ ನಿಮ್ಮ ಸರ್ವರ್‌ನಿಂದಲೇ ಕಳಿಸಿ. ಹಳೇ ವಿಂಡೋಸ್‌ನಲ್ಲಿ ತುಂಗಾ, ಹೊಸದರಲ್ಲಿ ನಿರ್ಮಲಾ ಬಂದು ಕೂತ್ರೆ ಒಂದೇ ಟಿಪ್ ಒಂದು ಕಡೆ ಎರಡು ಸಾಲು, ಇನ್ನೊಂದು ಕಡೆ ಮೂರು ಸಾಲು.

ಕತ್ತರಿಸಿದ ಹೆಸರಿನ ವಿಷಯ. ಜಾವಾಸ್ಕ್ರಿಪ್ಟ್‌ನಲ್ಲಿ ಇಷ್ಟು ಅಕ್ಷರ ಅಂತ ಎಣಿಸಿ ಕತ್ತರಿಸ್ತಿದ್ರೆ ಇವತ್ತೇ ನಿಲ್ಲಿಸಿ. ‘ಲಕ್ಷ್ಮಮ್ಮ’ ಕಣ್ಣಿಗೆ ಮೂರಕ್ಷರ, ಯುನಿಕೋಡ್‌ನಲ್ಲಿ 9 ಸಂಕೇತ. ಮೊದಲ ಮೂರು ತೆಗೆದ್ರೆ ‘ಲಕ್’ ಬರುತ್ತೆ, ಐದು ತೆಗೆದ್ರೆ ‘ಲಕ್ಷ್’. ಕತ್ತರಿಸೋ ಕೆಲಸ ಸಿಎಸ್‌ಎಸ್‌ನ ಟೆಕ್ಸ್ಟ್-ಓವರ್‌ಫ್ಲೋ ಎಲಿಪ್ಸಿಸ್‌ಗೆ ಬಿಡಿ. ಆಮೇಲೆ ಖಾನೆಯ ಸ್ಕ್ರೋಲ್‌ವಿಡ್ತ್, ಕ್ಲೈಂಟ್‌ವಿಡ್ತ್‌ಗಿಂತ ಹೆಚ್ಚಿದ್ರೆ ಮಾತ್ರ ಟಿಪ್ ಹಚ್ಚಿ. ಪೂರ್ತಿ ಕಾಣ್ತಿರೋ ‘ರಾಜಣ್ಣ’ನ ಮೇಲೆ ಮತ್ತೆ ‘ರಾಜಣ್ಣ’ ಅಂತ ಟಿಪ್ ಬರೋದು ಅಣಕ ಮಾಡಿದ ಹಾಗಿರುತ್ತೆ. ಅದಕ್ಕೂ ಮೊದಲು ಎರಡು ಸಾಲಲ್ಲಿ ಹೆಸರು ಹಿಡಿಯುತ್ತಾ ನೋಡಿ, ಹಿಡಿದ್ರೆ ಟಿಪ್ಪೇ ಬೇಡ. ಟ್ಯಾಬ್ಲೆಟ್‌ನಲ್ಲಂತೂ ಎರಡು ಸಾಲೇ ಗತಿ.

ಇನ್ನು ಮಾತಿನ ಬಗ್ಗೆ. ಇಂಗ್ಲಿಷ್ ಟಿಪ್ಪನ್ನ ಪದಕ್ಕೆ ಪದ ಇಳಿಸಿದ್ರೆ ಹೀಗಾಗುತ್ತೆ: ‘ನಿಮ್ಮ ನಮೂದುಗಳನ್ನು ಉಳಿಸಲು ಇಲ್ಲಿ ಕ್ಲಿಕ್ ಮಾಡಿ’. ಬಟನ್ ಮೇಲೆ ‘ಉಳಿಸು’ ಅಂತಿದೆ, ಟಿಪ್ ಹೊಸದೇನೂ ಹೇಳ್ತಿಲ್ಲ. ‘ಉಳಿಸಿದ ಮೇಲೆ ತಿದ್ದೋಕೆ ಸೆಕ್ರೆಟರಿ ಪಾಸ್‌ವರ್ಡ್ ಬೇಕು’ ಅಂದ್ರೆ ಅದು ಸುದ್ದಿ. (ಇದನ್ನ ಉಳಿಸೋ ಮುಂಚೆ ತಿಳೀಲೇಬೇಕು, ಹಾಗಾಗಿ ಮೊದಲ ಉತ್ತರದ ಲೆಕ್ಕದಲ್ಲಿ ಇದೂ ಟೂಲ್‌ಟಿಪ್ ಬಿಟ್ಟು ಸ್ಕ್ರೀನ್‌ಗೇ ಬರಬೇಕಾದ್ದು.) ‘ಸಾಲಿಡ್ಸ್ ನಾಟ್ ಫ್ಯಾಟ್’ ಅಂತ ಎಸ್‌ಎನ್‌ಎಫ್ ಬಿಡಿಸಿ ಬರೆದ್ರೆ ಯಾರಿಗೂ ಏನೂ ಹತ್ತಲ್ಲ, ‘ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಸತ್ವ’ ಅಂದ್ರೆ ತಿಳಿಯುತ್ತೆ. ಕಾಲಂಗೆ ‘ಸಿಎಲ್‌ಆರ್’ ಬದಲು ‘ಡಿಗ್ರಿ’ ಅಂತಲೇ ಬರೆದು, ಟಿಪ್‌ನಲ್ಲಿ ‘ಸಿಎಲ್‌ಆರ್: 27 ಡಿಗ್ರಿ ಸೆಲ್ಸಿಯಸ್‌ಗೆ ಸರಿಪಡಿಸಿದ ಲ್ಯಾಕ್ಟೋಮೀಟರ್ ಅಂಕ’ ಅಂತ ಕೊಡಿ. ಇದೊಂದು ಒಳ್ಳೇ ಟೂಲ್‌ಟಿಪ್. ಗೊತ್ತಿದ್ದೋರಿಗೆ ಬೇಡ, ಹೊಸದಾಗಿ ಬಂದ ಟೆಸ್ಟರ್‌ಗೆ ಬೇಕು. ಎಂಟು ಹತ್ತು ಪದಕ್ಕೆ ನಿಲ್ಲಿಸಿ, ಹನ್ನೆರಡು ದಾಟಿದ್ರೆ ಅದು ಟಾಗಲ್‌ಟಿಪ್‌ಗೆ ಹೋಗಲಿ. ಒಂದೇ ವಾಕ್ಯ ಇದ್ರೆ ಪೂರ್ಣವಿರಾಮ ಬೇಡ.

ಪುಟಕ್ಕೆ ಭಾಷೆ ‘ಕೆಎನ್’ ಅಂತ ಲ್ಯಾಂಗ್ ಆಟ್ರಿಬ್ಯೂಟ್ ಕೊಟ್ಟಿದ್ದೀರಾ ನೋಡಿ. ಟೆಂಪ್ಲೇಟ್‌ನಿಂದ ಬಂದ ‘ಇಎನ್’ ಹಾಗೇ ಉಳಿದಿರುತ್ತೆ, ಆಗ ಸ್ಕ್ರೀನ್ ರೀಡರ್ ಕನ್ನಡವನ್ನ ಇಂಗ್ಲಿಷ್ ಧ್ವನಿಗೆ ಒಪ್ಪಿಸಿ ಕಲಸುಮೇಲೋಗರ ಮಾಡುತ್ತೆ.

---

ಕುಕ್ಕರಹಳ್ಳಿ_ಕೆರೆ

ಒತ್ತಕ್ಷರ ಅವರ ಮಾತಿಗೆ ಒಂದು ಸೇರಿಸ್ತೀನಿ. ಬಣ್ಣದಲ್ಲಿ ಬರಹಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್ 4.5:1 ಇರಬೇಕು. ಬೂದು ಹಿನ್ನೆಲೆಯಲ್ಲಿ ತಿಳಿ ಬೂದು ಅಕ್ಷರ ಹಾಕೋ ಷೋಕಿ ಬಿಡಿ, ಡೈರಿ ಬಾಗಿಲಿನ ಬಿಸಿಲಿಗೆ ಏನೂ ಕಾಣಲ್ಲ. ವಿಂಡೋಸ್‌ನ ಹೈ ಕಾಂಟ್ರಾಸ್ಟ್ ಮೋಡ್‌ನಲ್ಲಿ ನಿಮ್ಮ ಹಿನ್ನೆಲೆ ಬಣ್ಣ, ನೆರಳು ಎರಡೂ ಹೋಗಿ ಟಿಪ್ ಟೇಬಲ್ ಜೊತೆ ಬೆರೆತುಬಿಡುತ್ತೆ. 1 ಪಿಕ್ಸೆಲ್‌ನ ಪಾರದರ್ಶಕ ಬಾರ್ಡರ್ ಕೊಟ್ಟಿಡಿ, ಆ ಮೋಡ್‌ನಲ್ಲಿ ಅದಕ್ಕೆ ತಾನಾಗೇ ಬಣ್ಣ ಬರುತ್ತೆ.

ಪರೀಕ್ಷೆ ಮಾಡೋ ಕ್ರಮ, ಅರ್ಧ ಗಂಟೆ ಕೆಲಸ. ಮೌಸ್ ಕೇಬಲ್ ಕಿತ್ತುಹಾಕಿ ಬರೀ ಟ್ಯಾಬ್‌ನಲ್ಲಿ ಐದು ಸಾಲು ಎಂಟ್ರಿ ಮಾಡಿ, ಪ್ರತಿ ಟಿಪ್ ಬರುತ್ತಾ, ಎಸ್ಕೇಪ್‌ಗೆ ಹೋಗುತ್ತಾ, ಹೋದ ಮೇಲೆ ಫೋಕಸ್ ಅಲ್ಲೇ ಇದೆಯಾ ನೋಡಿ. ಆಮೇಲೆ ಝೂಮ್ 200, ನಂತರ 400 ಮಾಡಿ ಬಲತುದಿಯ ಕಾಲಂ ನೋಡಿ. ಎನ್‌ವಿಡಿಎ ಅನ್ನೋ ಸ್ಕ್ರೀನ್ ರೀಡರ್ ಉಚಿತ, ಅದರ ಜೊತೆ ಬರೋ ಇಸ್ಪೀಕ್ ಅನ್ನೋ ಓದುವ ಧ್ವನಿಯಲ್ಲಿ ಕನ್ನಡ ಇದೆ, ಧ್ವನಿ ಒರಟು ಆದರೂ ಕೆಲಸಕ್ಕೆ ಸಾಕು. ಟಿಪ್‌ನ ಮಾತು ಎರಡೆರಡು ಸಲ ಕೇಳಿಸಿದ್ರೆ ಹಳೇ ಟೈಟಲ್ ಆಟ್ರಿಬ್ಯೂಟ್ ಎಲ್ಲೋ ಉಳಿದಿದೆ ಅಂತ ಅರ್ಥ. ಕೊನೆಗೆ ಟ್ಯಾಬ್ಲೆಟ್‌ನಲ್ಲಿ ಬೆರಳು ಒದ್ದೆ ಮಾಡಿಕೊಂಡು ‘ಲೆಕ್ಕ’ ಬಟನ್ ಹತ್ತು ಸಲ ಒತ್ತಿ, ಎಷ್ಟು ಸಲ ತಪ್ಪಿ ಪಕ್ಕದ ಖಾನೆಗೆ ಬಿತ್ತು ಎಣಿಸಿ.

---

ವಿಸಿ_ನಾಲೆ

ಹಾಳೆ ಮೇಲೆ ಬರೆದು ವಿಂಗಡಿಸಿದ್ದಾಯ್ತು. 23ರಲ್ಲಿ 6 ಐಕಾನ್ ಪಕ್ಕದ ಹೆಸರಾದವು, 7 ಕಾಲಂ ತಲೆಬರಹಕ್ಕೆ ಹೋದವು, 3 ತಪ್ಪು ತೋರಿಸೋ ಸಂದೇಶ ಆದವು, 2 ಸೇರಿ ಒಂದು ‘ಲೆಕ್ಕ’ ಬಟನ್ ಆಯ್ತು. 1 ಏನೂ ಹೊಸದು ಹೇಳ್ತಿರಲಿಲ್ಲ, ಅಳಿಸಿದ್ವಿ. ಉಳಿದ 4 ಮಾತ್ರ ಟೂಲ್‌ಟಿಪ್. ಲ್ಯಾಂಗ್ ಆಟ್ರಿಬ್ಯೂಟ್ ‘ಇಎನ್’ ಅಂತಲೇ ಇತ್ತು, ಒತ್ತಕ್ಷರ ಮೇಡಂ ಹೇಳಿದ್ದು ಸರಿ.

ಒಂದು ಸಣ್ಣ ಅನುಮಾನ. ‘ಡಿಗ್ರಿ’ ತಲೆಬರಹಕ್ಕೆ ಟಿಪ್ ಬೇಕು, ಆದರೆ ತಲೆಬರಹ ಬರೀ ಪಠ್ಯ, ಟ್ಯಾಬ್‌ನಲ್ಲಿ ಅಲ್ಲಿಗೆ ಹೋಗಲ್ಲ. ಟ್ಯಾಬ್‌ಇಂಡೆಕ್ಸ್ 0 ಕೊಟ್ರೆ ಸಾಕಾ?

---

ಟ್ಯಾಬ್_ಕೀ

ಬೇಡ. ಒತ್ತಿದ್ರೆ ಏನೂ ಆಗದ ಜಾಗಕ್ಕೆ ಫೋಕಸ್ ತಂದು ನಿಲ್ಲಿಸಿದ ಹಾಗಾಗುತ್ತೆ, ದಾರಿಯಲ್ಲಿ ಒಂದು ಟ್ಯಾಬ್ ಹೆಚ್ಚುವರಿ ಒತ್ತೂ ಆಯ್ತು. ‘ಡಿಗ್ರಿ’ ಪದವನ್ನೇ ಚುಕ್ಕಿ ಅಡಿಗೆರೆಯ ಬಟನ್ ಮಾಡಿ, ಟಾಗಲ್‌ಟಿಪ್‌ನ ಅದೇ ಕಾಂಪೊನೆಂಟ್ ಹಚ್ಚಿ, ಟ್ಯಾಬ್ಲೆಟ್‌ನಲ್ಲೂ ಕೆಲಸ ಮಾಡುತ್ತೆ. ಟೇಬಲ್‌ನ ಮೊದಲ ಖಾನೆಗೆ ನೇರ ಜಿಗಿಯೋ ಶಾರ್ಟ್‌ಕಟ್ ಹೇಗೂ ಇರಬೇಕು, ಆಗ ತಲೆಬರಹದ ಬಟನ್ ಎಂಟ್ರಿ ಮಾಡೋರ ದಾರಿಗೆ ಅಡ್ಡ ಬರಲ್ಲ.

---

ವಿಸಿ_ನಾಲೆ

ಹಾಗಾದ್ರೆ ಟೂಲ್‌ಟಿಪ್ 3ಕ್ಕೆ ಇಳೀತು. ಪಿಕ್ಸೆಲ್ ಗೌಡ್ರಿಗೆ ಹತ್ತಿರ ಹತ್ತಿರ ಬಂದ್ವಿ.